ನಿನ್ನೆ ರಾತ್ರಿ ನಾನೂ ಅಲ್ಲಿದ್ದೆ: ಒಂದೇ ಕಟ್ಟಡ, ಎರಡು ಕಾನ್ಸರ್ಟ್, ಮುಗಿಯದ ವಾದ

(ಇದು ನಮ್ಮ ಇತಿಹಾಸ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಲಾಗಿದೆ.)



ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ. 1976ರ ಜೂನ್ 4, ಶುಕ್ರವಾರ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಒಂದು ಚಿಕ್ಕ ಸಭಾಂಗಣ. ಆ ರಾತ್ರಿ ಅಲ್ಲಿ ಸೆಕ್ಸ್ ಪಿಸ್ಟಲ್ಸ್ ಅನ್ನೋ ಹೊಸ ರಾಕ್ ಬ್ಯಾಂಡ್ ನುಡಿಸಿತು. ಕೇಳೋಕೆ ಬಂದಿದ್ದವರು ಸುಮಾರು 40 ಜನ ಅಂತ ಸಾಮಾನ್ಯವಾಗಿ ಹೇಳ್ತಾರೆ. ಆದರೆ ಆಮೇಲೆ "ಅವತ್ತು ನಾನೂ ಅಲ್ಲಿದ್ದೆ" ಅಂದವರನ್ನೆಲ್ಲ ಕೂರಿಸೋಕೆ ಹೋದ್ರೆ ಒಂದು ಫುಟ್‌ಬಾಲ್ ಸ್ಟೇಡಿಯಂ ಬೇಕಾಗುತ್ತೆ ಅನ್ನೋದು ಆ ಊರಿನ ಹಳೇ ಜೋಕು.

ಇನ್ನೊಂದು ಒಗಟು ಕೇಳಿ. ಅದೇ ಕಟ್ಟಡದ ದೊಡ್ಡ ಹಾಲ್, ಹತ್ತು ವರ್ಷ ಹಿಂದೆ. ಬಾಬ್ ಡಿಲನ್ ವೇದಿಕೆ ಮೇಲಿದ್ದಾಗ ಪ್ರೇಕ್ಷಕರಲ್ಲಿ ಒಬ್ಬರು ಒಂದೇ ಒಂದು ಪದ ಕೂಗಿದರು. ಆ ಕೂಗು ಟೇಪಿನಲ್ಲಿ ಸ್ಪಷ್ಟವಾಗಿ ಕೇಳುತ್ತೆ. ಕೂಗಿದ್ದು ಯಾರು ಅನ್ನೋ ವಾದ ಮಾತ್ರ ಇವತ್ತಿಗೂ ಮುಗಿದಿಲ್ಲ.

ನೋಡಿ, ಪ್ರತಿ ಕಾನ್ಸರ್ಟ್ ಎರಡು ಸಲ ನಡೆಯುತ್ತೆ. ಮೊದಲನೇ ಸಲ ರಾತ್ರಿ, ವೇದಿಕೆ ಮೇಲೆ. ಎರಡನೇ ಸಲ ಮಾರನೇ ದಿನ ಬೆಳಗ್ಗೆ, ಕಾಲೇಜಿನ ಕ್ಯಾಂಟೀನಲ್ಲಿ, ಆಫೀಸಲ್ಲಿ, ಫ್ರೆಂಡ್ಸ್ ಗುಂಪಲ್ಲಿ. "ಏನ್ ಮಗಾ, ಹೆಂಗಿತ್ತು?" ಅನ್ನೋ ಪ್ರಶ್ನೆಗೆ ಹೇಳುವ ಉತ್ತರದಲ್ಲಿ. ನಾವು ಸಂಗೀತದ ಇತಿಹಾಸ ಅಂತ ಓದೋದರಲ್ಲಿ ಬಹುಪಾಲು ಈ ಎರಡನೇ ಸಲದ್ದು. ಹಾಗಾದ್ರೆ ಅದನ್ನ ಎಷ್ಟು ನಂಬಬೇಕು? ಅದು ತಪ್ಪಾದ್ರೆ ನಷ್ಟ ಯಾರಿಗೆ? ಇವತ್ತಿನ ಸಂಚಿಕೆ ಇದರ ಬಗ್ಗೆ.

ಮೊದಲು ಆ ಜಾಗ ನೋಡೋಣ

ಮ್ಯಾಂಚೆಸ್ಟರ್ ಅಂದ್ರೆ ಇವತ್ತು ನಮಗೆ ಫುಟ್‌ಬಾಲ್. ನಮ್ಮ ಅಜ್ಜಂದಿರಿಗೆ ಅದು ಬಟ್ಟೆ ಗಿರಣಿಗಳ ಊರು. ದಾವಣಗೆರೆಗೆ "ಕರ್ನಾಟಕದ ಮ್ಯಾಂಚೆಸ್ಟರ್" ಅನ್ನೋ ಹೆಸರು ಬಂದದ್ದೂ ಗಿರಣಿಗಳಿಂದಲೇ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರೋದು ನಿಂತಾಗ, ಮ್ಯಾಂಚೆಸ್ಟರ್ ವ್ಯಾಪಾರಿಗಳ ಕಣ್ಣು ಧಾರವಾಡದ ಹತ್ತಿ ಮೇಲೆ, ಅದನ್ನ ಹಡಗಿಗೆ ಏರಿಸೋಕೆ ಕಾರವಾರದ ಬಂದರಿನ ಮೇಲೆ ಬಿದ್ದಿತ್ತು.

ಆ ಊರಿನ ಹತ್ತಿ ವ್ಯಾಪಾರಿಗಳು ಮುಕ್ತ ವ್ಯಾಪಾರದ ದೊಡ್ಡ ಬೆಂಬಲಿಗರು. ಹೊರದೇಶದ ಧಾನ್ಯದ ಮೇಲೆ ಸುಂಕ ಹಾಕುವ ಕಾನೂನು 1846ರಲ್ಲಿ ರದ್ದಾಯ್ತು. ಆ ಗೆಲುವಿನ ನೆನಪಿಗೆ ಅವರು 1850ರ ದಶಕದಲ್ಲಿ ಕಟ್ಟಿಸಿದ್ದೇ ಫ್ರೀ ಟ್ರೇಡ್ ಹಾಲ್. 1940ರಲ್ಲಿ ಜರ್ಮನ್ ಬಾಂಬ್ ಬಿದ್ದು ಹಾಳಾಯ್ತು, 1951ರಲ್ಲಿ ಮತ್ತೆ ತೆರೆಯಿತು. ನಮ್ಮ ಎರಡೂ ಕಾನ್ಸರ್ಟ್ ನಡೆದದ್ದು ಇಲ್ಲಿ.

ಆದರೆ ಕಟ್ಟಡಕ್ಕಿಂತ ಮೊದಲು ಆ ನೆಲಕ್ಕೂ ಒಂದು ಕಥೆ ಇದೆ. ಅದು ಸೇಂಟ್ ಪೀಟರ್ಸ್ ಫೀಲ್ಡ್ ಅನ್ನೋ ಮೈದಾನ. 1819ರ ಆಗಸ್ಟ್ 16ರಂದು, ಸಂಸತ್ತಿನಲ್ಲಿ ತಮಗೂ ಪ್ರಾತಿನಿಧ್ಯ ಬೇಕು ಅಂತ ಸುಮಾರು 60,000 ಜನ ಅಲ್ಲಿ ಸೇರಿದ್ರು. ಕುದುರೆ ಸವಾರರು ಕತ್ತಿ ಹಿರಿದು ಆ ಗುಂಪಿನೊಳಗೆ ನುಗ್ಗಿದರು. ಜನ ಸತ್ತರು, ನೂರಾರು ಜನ ಗಾಯಗೊಂಡರು. ಅಲ್ಲಿದ್ದ ಲಂಡನ್ನಿನ ಟೈಮ್ಸ್ ಪತ್ರಿಕೆಯ ವರದಿಗಾರನನ್ನೂ ಬಂಧಿಸಿಬಿಟ್ಟರು. ಈಗ ಲಂಡನ್ನಿಗೆ ಅಧಿಕಾರಿಗಳ ಮಾತು ಮಾತ್ರ ತಲುಪುತ್ತೆ ಅನ್ನೋ ಭಯದಿಂದ ಜಾನ್ ಎಡ್ವರ್ಡ್ ಟೇಲರ್ ಮತ್ತು ಆರ್ಚಿಬಾಲ್ಡ್ ಪ್ರೆಂಟಿಸ್ ಅನ್ನೋ ಇಬ್ಬರು ಸ್ಥಳೀಯರು ಅವತ್ತೇ ರಾತ್ರಿ ಕೂತು ವರದಿ ಬರೆದು ಲಂಡನ್ ಪತ್ರಿಕೆಗಳಿಗೆ ಕಳಿಸಿದ್ರು. ನಾಲ್ಕು ವರ್ಷ ಹಿಂದಿನ ವಾಟರ್ಲೂ ಯುದ್ಧವನ್ನ ಅಣಕಿಸಿ ಜನ ಈ ಘಟನೆಯನ್ನ "ಪೀಟರ್ಲೂ" ಅಂತ ಕರೆದರು. ಟೇಲರ್ 1821ರಲ್ಲಿ ಶುರು ಮಾಡಿದ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯೇ ಇವತ್ತಿನ ದಿ ಗಾರ್ಡಿಯನ್.

ರಾಕ್ ಕಾನ್ಸರ್ಟ್ ಕಥೆಯಲ್ಲಿ ಇದೆಲ್ಲ ಯಾಕೆ ಅಂತೀರಾ? ಕಣ್ಣಾರೆ ಕಂಡವರು ಅವತ್ತೇ ಬರೆದಿಡೋದಕ್ಕೆ ಎಷ್ಟು ಬೆಲೆ ಇದೆ ಅನ್ನೋದನ್ನ ಈ ನೆಲ ಮೊದಲೇ ಕಂಡಿತ್ತು. ಸಂಗೀತದ ವಿಷಯದಲ್ಲಿ ಪ್ರಾಣ ಹೋಗಲ್ಲ, ಒಪ್ಪೋಣ. ಆದರೆ ಪ್ರಶ್ನೆ ಅದೇ: ಅಲ್ಲಿ ಯಾರಿದ್ದರು, ಏನು ಕಂಡರು, ಅದನ್ನ ಯಾವಾಗ ಹೇಳಿದರು?

1966: ಕೇಳಿಸಿದ ಕೂಗು, ಕಾಣದ ಮುಖ

1966ರ ಮೇ 17, ಮಂಗಳವಾರ. ಡಿಲನ್‌ಗೆ ಆಗ 24 ವರ್ಷ. ಒಂದು ಗಿಟಾರ್, ಒಂದು ಮೌತ್ ಆರ್ಗನ್ ಹಿಡಿದು ಹಾಡಿ, ಜಾನಪದ ಸಂಗೀತದ ಅಭಿಮಾನಿಗಳ ಕಣ್ಣಲ್ಲಿ ನ್ಯಾಯದ ದನಿ ಆಗಿದ್ದವರು. 1965ರ ಜುಲೈನಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಅವರು ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗ ದೊಡ್ಡ ಗಲಾಟೆ ಆಗಿತ್ತು. ಆ ಗಲಾಟೆ ಈಗ ಬ್ರಿಟನ್‌ಗೂ ಬಂದಿತ್ತು.

ಇವತ್ತು ನಮಗೆ ಇದು ವಿಚಿತ್ರ ಅನ್ನಿಸಬಹುದು. ಗಿಟಾರ್‌ಗೆ ಕರೆಂಟ್ ಕೊಟ್ರೆ ಅದರಲ್ಲೇನು ದ್ರೋಹ? ಆದರೆ ಬ್ರಿಟನ್ನಿನ ಅಂದಿನ ಜಾನಪದ ಕ್ಲಬ್‌ಗಳಿಗೂ ಎಡಪಂಥೀಯ ರಾಜಕೀಯಕ್ಕೂ ಹತ್ತಿರದ ನಂಟಿತ್ತು. ಅವರಿಗೆ ಹಾಡು ಅಂದ್ರೆ ಮಾತು, ಮಾತು ಅಂದ್ರೆ ನಿಲುವು. ಎಲೆಕ್ಟ್ರಿಕ್ ಬ್ಯಾಂಡ್ ಅಂದ್ರೆ ಪಾಪ್, ಪಾಪ್ ಅಂದ್ರೆ ದುಡ್ಡು. ನಮ್ಮವನು ಅಂದುಕೊಂಡಿದ್ದ ಹುಡುಗ ಮಾರುಕಟ್ಟೆಗೆ ಹೋಗಿಬಿಟ್ಟ ಅನ್ನೋ ನೋವು ಅದು.

ಅವತ್ತು ಮೊದಲರ್ಧ ಡಿಲನ್ ಒಬ್ಬರೇ ಹಾಡಿದರು. ಹಾಲ್ ಪೂರ್ತಿ ಮೌನವಾಗಿ ಕೇಳಿತು. ಎರಡನೇ ಅರ್ಧಕ್ಕೆ ಬ್ಯಾಂಡ್ ಬಂತು. ಹಾಡುಗಳ ನಡುವೆ ಒಂದು ಗುಂಪು ಬೇಕಂತಲೇ ನಿಧಾನವಾಗಿ ಚಪ್ಪಾಳೆ ತಟ್ಟೋಕೆ ಶುರು ಮಾಡ್ತು. ಬ್ರಿಟನ್‌ನಲ್ಲಿ ಅದರ ಅರ್ಥ "ಸಾಕು, ನಿಲ್ಲಿಸು". ಕೊನೇ ಹಾಡಿಗೆ ಮುಂಚೆ, ಒಂದು ಕ್ಷಣದ ಮೌನದಲ್ಲಿ ಆ ಕೂಗು ಬಂತು: "ಜುದಾಸ್!" ಮೂವತ್ತು ಬೆಳ್ಳಿ ನಾಣ್ಯಕ್ಕೆ ಏಸುವನ್ನ ಹಿಡಿದುಕೊಟ್ಟವನ ಹೆಸರು. ಡಿಲನ್ ಒಂದು ಕ್ಷಣ ತಡೆದು, ನಿನ್ನನ್ನ ನಂಬಲ್ಲ, ನೀನು ಸುಳ್ಳುಗಾರ ಅಂತ ತಿರುಗಿ ಹೇಳಿದರು. ಮರುಕ್ಷಣ ಬ್ಯಾಂಡು ಅಬ್ಬರಿಸಿ "ಲೈಕ್ ಎ ರೋಲಿಂಗ್ ಸ್ಟೋನ್" ನುಡಿಸಿತು. ಸ್ವಾರಸ್ಯ ಏನು ಗೊತ್ತಾ? ಆ ಹಾಡು ಹಿಂದಿನ ವರ್ಷವೇ ಬ್ರಿಟನ್‌ನಲ್ಲಿ ಹಿಟ್ ಆಗಿತ್ತು. ಡಿಲನ್ ಎಲೆಕ್ಟ್ರಿಕ್ ಆಗಿದ್ದಾರೆ ಅನ್ನೋದು ಟಿಕೆಟ್ ಕೊಂಡವರಿಗೆ ಹೊಸ ಸುದ್ದಿ ಆಗಿರಲಿಲ್ಲ.

ಡಿಲನ್ ಜೊತೆ ಒಂದು ಚಿತ್ರತಂಡ ಇತ್ತು. ಹಾಲ್‌ನಿಂದ ಹೊರಗೆ ಬರ್ತಿದ್ದ ಹುಡುಗ ಹುಡುಗಿಯರನ್ನ ಅವರು ಅಲ್ಲೇ ಮಾತಾಡಿಸಿದ್ರು. ಆ ದೃಶ್ಯಗಳಲ್ಲಿ ಕೆಲವನ್ನ ಮಾರ್ಟಿನ್ ಸ್ಕಾರ್ಸೆಸಿ 2005ರ ತಮ್ಮ ಡಾಕ್ಯುಮೆಂಟರಿಯಲ್ಲಿ ಬಳಸಿದ್ದಾರೆ. ಹುಡುಗರ ಮುಖದ ಸಿಟ್ಟು ನೋಡಬೇಕು. ಬೇರೆ ಬೇರೆ ವಯಸ್ಸು, ಬೇರೆ ಬೇರೆ ಮಾತು, ಆದರೆ ದನಿ ಒಂದೇ: ನಾವು ಕೇಳೋಕೆ ಬಂದಿದ್ದು ಇದನ್ನಲ್ಲ. ಕಾನ್ಸರ್ಟ್ ಮುಗಿದ ತಕ್ಷಣದ ಅಭಿಪ್ರಾಯ ಇಷ್ಟು ಹಸಿಯಾಗಿ ಸಿಗೋದು ಅಪರೂಪ.

ಈಗ ಟೇಪಿನ ವಿಷಯ. ಆ ರಾತ್ರಿಯ ರೆಕಾರ್ಡಿಂಗ್ ಕೆಲವು ವರ್ಷಗಳಲ್ಲಿ ಕದ್ದು ಮಾರುವ ಎಲ್‌ಪಿಗಳಾಗಿ ಜನರ ಕೈಗೆ ಬಂತು. ಅದರ ಮೇಲೆ ಬರೆದಿದ್ದ ಜಾಗ ಮಾತ್ರ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್! ಡಿಲನ್ ಲಂಡನ್ನಿನಲ್ಲಿ ಹಾಡಿದ್ದು ಮೇ 26 ಮತ್ತು 27ರಂದು, ಸುಮಾರು ಹತ್ತು ದಿನದ ಮೇಲೆ. ಹಾಗಾಗಿ ವರ್ಷಗಟ್ಟಲೆ ಆ ಪ್ರಸಿದ್ಧ ಕೂಗು ಲಂಡನ್ ಲೆಕ್ಕಕ್ಕೆ ಹೋಯ್ತು. ಅಲ್ಲೇ ಕೂತಿದ್ದ ಮ್ಯಾಂಚೆಸ್ಟರ್ ಹುಡುಗರು "ಇಲ್ಲಪ್ಪಾ, ಅದು ನಮ್ಮೂರಲ್ಲಿ ಆಗಿದ್ದು" ಅಂದ್ರೆ ಕೈಯಲ್ಲಿರೋ ಎಲ್‌ಪಿ ಬೇರೆ ಹೇಳ್ತಿತ್ತು. ಕೊನೆಗೆ 1998ರಲ್ಲಿ ರೆಕಾರ್ಡಿಂಗ್ ಅಧಿಕೃತವಾಗಿ ಬಿಡುಗಡೆ ಆಯ್ತು. ಆಗಲೂ ಹಳೇ ತಪ್ಪು ಹೆಸರನ್ನ ಶೀರ್ಷಿಕೆಯಲ್ಲಿ ಉದ್ಧರಣ ಚಿಹ್ನೆಯೊಳಗೆ ಉಳಿಸಿಕೊಂಡರು. ತಪ್ಪು ಹೆಸರೇ ಅಷ್ಟು ಫೇಮಸ್ ಆಗಿಬಿಟ್ಟಿತ್ತು.

ಅಂದ್ರೆ ಇಲ್ಲಿ ತಪ್ಪು ಹೇಳಿದ್ದು ಟೇಪಿನ ಲೇಬಲ್, ಸರಿಯಾಗಿದ್ದು ಜನರ ನೆನಪು. ಅದೇ ಕಾಲಕ್ಕೆ, ಹುಡುಗನಾಗಿ ಆ ಕಾನ್ಸರ್ಟ್ ಕೇಳಿದ್ದ ಸಿ. ಪಿ. ಲೀ ಅದರ ಮೇಲೆ ಒಂದು ಇಡೀ ಪುಸ್ತಕ ಬರೆದರು. ಕೂಗಿದ್ದು ನಾನೇ ಅಂತ ಒಬ್ಬರು ಮುಂದೆ ಬಂದರು. ಸ್ವಲ್ಪ ದಿನಕ್ಕೆ ಇನ್ನೊಬ್ಬರು ಬಂದು, ಅವರಲ್ಲ, ನಾನು ಅಂದರು. ಇಬ್ಬರೂ ಸುಳ್ಳು ಹೇಳುವ ಜನ ಅಂತ ಅನ್ನಿಸೋದಿಲ್ಲ. ಆ ಸಂಜೆ ಹಾಲ್‌ನಲ್ಲಿ ಕೂಗಿದವರು ಒಬ್ಬರೇ ಅಲ್ಲವಲ್ಲ. ಮೂವತ್ತು ವರ್ಷ ಆದಮೇಲೆ ನನ್ನ ಕೂಗು ಯಾವುದು, ಪಕ್ಕದವನದು ಯಾವುದು ಅಂತ ಬೇರ್ಪಡಿಸೋದು ಸುಲಭ ಇರಲಿಲ್ಲ. ಇಲ್ಲಿ ನೆನಪು ಸೋಲುತ್ತೆ, ಟೇಪೂ ಕೈ ಕೊಡುತ್ತೆ. ಟೇಪಿಗೆ ದನಿ ಗೊತ್ತು, ಮುಖ ಗೊತ್ತಿಲ್ಲ.

1976: ನಲವತ್ತು ಜನ, ಐವತ್ತು ಪೆನ್ಸ್

ಈಗ ಹತ್ತು ವರ್ಷ ಮುಂದೆ ಬನ್ನಿ. ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಅಂತ ಒಂದು ಪುಟ್ಟ ಸಭಾಂಗಣ ಇತ್ತು. ಪಕ್ಕದ ಬೋಲ್ಟನ್ ಊರಿನ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು, ಹೋವರ್ಡ್ ಡಿವೋಟೋ ಮತ್ತು ಪೀಟ್ ಶೆಲ್ಲಿ, 1976ರ ಫೆಬ್ರವರಿಯಲ್ಲಿ ಎನ್‌ಎಂಇ ಅನ್ನೋ ಸಂಗೀತ ವಾರಪತ್ರಿಕೆಯಲ್ಲಿ ಸೆಕ್ಸ್ ಪಿಸ್ಟಲ್ಸ್ ಬಗ್ಗೆ ಒಂದು ಸಣ್ಣ ವಿಮರ್ಶೆ ಓದಿದ್ರು. ತಕ್ಷಣ ಲಂಡನ್ ಕಡೆಗೆ ಹೋಗಿ ಬ್ಯಾಂಡನ್ನ ನೋಡಿದ್ರು. ಆಮೇಲೆ ತಮ್ಮೂರಿಗೆ ಕರೆಸಿ ತಾವೇ ಕಾನ್ಸರ್ಟ್ ಏರ್ಪಡಿಸಿದ್ರು. ಗಮನಿಸಿ: ಈ ಇಡೀ ಕಥೆ ಶುರು ಆಗಿದ್ದೇ ಇನ್ಯಾರೋ ನೋಡಿಬಂದ ಕಾನ್ಸರ್ಟ್ ಬಗ್ಗೆ ಬರೆದ ನಾಲ್ಕು ಸಾಲಿನಿಂದ.

ಟಿಕೆಟ್ 50 ಪೆನ್ಸ್. ಡಿವೋಟೋ ಮತ್ತು ಶೆಲ್ಲಿಯ ಸ್ವಂತ ಬ್ಯಾಂಡ್ ಬಜ್‌ಕಾಕ್ಸ್ ಮೊದಲು ನುಡಿಸಬೇಕಿತ್ತು, ಆದರೆ ತಯಾರಾಗಿರಲಿಲ್ಲ. ಪಿಸ್ಟಲ್ಸ್‌ನ ಮ್ಯಾನೇಜರ್ ಮಾಲ್ಕಮ್ ಮೆಕ್ಲಾರೆನ್ ರಸ್ತೆಯಲ್ಲಿ ನಿಂತು ಹೋಗೋ ಬರೋರನ್ನ ಒಳಗೆ ಕರೀತಿದ್ರು. ಅಲ್ಲಿ ಸ್ಟೀವ್ ಡಿಗಲ್ ಅನ್ನೋ ಹುಡುಗ ಬೇರೆ ಯಾರಿಗೋ ಕಾಯ್ತಾ ನಿಂತಿದ್ದ, ಬ್ಯಾಂಡ್ ಕಟ್ಟೋ ಮಾತಾಡೋಕೆ. ಮೆಕ್ಲಾರೆನ್ ಇವನೇ ಶೆಲ್ಲಿ ಕಾಯ್ತಿರೋ ಬೇಸ್ ಗಿಟಾರ್ ಹುಡುಗ ಅಂದುಕೊಂಡು ಕರ್ಕೊಂಡು ಹೋಗಿ ಪರಿಚಯ ಮಾಡಿಸಿದ್ರು. ಆ ಗೊಂದಲದಿಂದಲೇ ಡಿಗಲ್ ಬಜ್‌ಕಾಕ್ಸ್ ಸೇರಿದ. ಏಳು ವಾರದೊಳಗೆ, ಜುಲೈ 20ರಂದು, ಪಿಸ್ಟಲ್ಸ್ ಮತ್ತೆ ಅದೇ ಹಾಲ್‌ಗೆ ಬಂದಾಗ ಬಜ್‌ಕಾಕ್ಸ್ ಕೂಡ ವೇದಿಕೆ ಮೇಲಿತ್ತು.

ಜೂನ್ 4ರ ಪ್ರೇಕ್ಷಕರಲ್ಲಿ ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್ ಅನ್ನೋ ಗೆಳೆಯರಿದ್ರು. ಮಾರನೇ ದಿನವೇ ಹುಕ್ ಅಮ್ಮನ ಹತ್ತಿರ ದುಡ್ಡು ತಗೊಂಡು ಒಂದು ಬೇಸ್ ಗಿಟಾರ್ ಕೊಂಡರು. ಅವರಿಗೆ ಅದನ್ನ ನುಡಿಸೋಕೆ ಬರ್ತಿರಲಿಲ್ಲ. ಕಾನ್ಸರ್ಟ್ ಅದ್ಭುತವಾಗಿತ್ತು ಅಂತ ಕೊಂಡದ್ದಲ್ಲ, ಅಷ್ಟು ಗಜಿಬಿಜಿಯಾಗಿತ್ತು, ಇಷ್ಟು ನಾವೂ ಮಾಡಬಹುದಲ್ಲ ಅನ್ನಿಸ್ತು ಅಂತ ಅವರು ಮುಂದೆ ಎಷ್ಟೋ ಸಲ ಹೇಳಿದ್ದಾರೆ. ಅವರ ಬ್ಯಾಂಡೇ ಜಾಯ್ ಡಿವಿಷನ್. ಗಾಯಕ ಇಯಾನ್ ಕರ್ಟಿಸ್ 1980ರಲ್ಲಿ ತೀರಿಕೊಂಡ ಮೇಲೆ ಉಳಿದವರು ನ್ಯೂ ಆರ್ಡರ್ ಆದರು.

ಇನ್ನೊಬ್ಬ ಪ್ರೇಕ್ಷಕನಿಗೆ 17 ವರ್ಷ. ಅವನು ಎನ್‌ಎಂಇಗೆ ಒಂದು ಕಾಗದ ಬರೆದ, ಅದೇ ಜೂನ್ ತಿಂಗಳಲ್ಲಿ ಅದು ಅಚ್ಚಾಯ್ತು. ಬ್ಯಾಂಡಿನ ಬಟ್ಟೆ ಹಳೇ ಸಾಮಾನಿನ ಅಂಗಡಿಯದ್ದು ಥರ ಇತ್ತು, ಸಂಗೀತ ಅಪಸ್ವರ, ಹಾಡಿನ ಮಾತು ಸರಿಯಾಗಿ ಕೇಳಿಸ್ತಿರಲಿಲ್ಲ, ಆದರೂ ಬಂದಿದ್ದ ಕೆಲವೇ ಜನ ಕುಣಿದ್ರು ಅನ್ನೋದು ಅದರ ಸಾರ. ಈ ಹುಡುಗರು ಗೆದ್ದರೆ ಮೈಮೇಲೆ ಹಾಕ್ಕೊಂಡು ಮಲಗಿ ಎದ್ದಂತೆ ಕಾಣದ ಬಟ್ಟೆ ಕೊಳ್ಳಬಹುದು ಅಂತ ಒಂದು ಚುಚ್ಚು ಮಾತೂ ಇತ್ತು. ಆ ಹುಡುಗ ಮೊರಿಸ್ಸಿ, ಮುಂದೆ ದಿ ಸ್ಮಿತ್ಸ್ ಬ್ಯಾಂಡಿನ ಗಾಯಕ.

ಇತಿಹಾಸಕಾರರಿಗೆ ಈ ಕಾಗದ ಚಿನ್ನ. ಯಾಕಂದ್ರೆ ಅದನ್ನ ಬರೆಯುವಾಗ ಆ ರಾತ್ರಿ ಪ್ರಸಿದ್ಧ ಆಗುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹೊಗಳಿಕೆ ಇದೆ, ದೂರೂ ಇದೆ, ಜನ ಕಮ್ಮಿ ಇದ್ರು ಅನ್ನೋದೂ ಇದೆ. ಇನ್ನೊಂದು ಹೋಲಿಕೆ ನೋಡಿ. 1966ರಲ್ಲಿ ಆ ಕಟ್ಟಡದಲ್ಲಿ ಗದ್ದಲ ಮಾತನ್ನ ನುಂಗಿತು ಅಂತ ಜನ ಸಿಟ್ಟಾಗಿದ್ರು. 1976ರಲ್ಲಿ ಅದೇ ಕಟ್ಟಡದಲ್ಲಿ ಮಾತು ಕೇಳಿಸದಿದ್ರೂ ಕುಣಿದ್ರು. ಹತ್ತು ವರ್ಷದಲ್ಲಿ ಕಿವಿ ಎಷ್ಟು ಬದಲಾಗಿತ್ತು ಅನ್ನೋದು ಈ ಮಾರನೇ ದಿನದ ಮಾತುಗಳಿಂದಲೇ ನಮಗೆ ಗೊತ್ತಾಗೋದು.

ಬಜ್‌ಕಾಕ್ಸ್ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1976ರ ಡಿಸೆಂಬರಿನಲ್ಲಿ ಅವರು ಮನೆಯವರು, ಗೆಳೆಯರ ಹತ್ತಿರ ಸುಮಾರು 500 ಪೌಂಡ್ ಸಾಲ ಮಾಡಿ ನಾಲ್ಕು ಹಾಡು ರೆಕಾರ್ಡ್ ಮಾಡಿದ್ರು. ದೊಡ್ಡ ಕಂಪನಿಗೆ ಕಾಯದೆ, 1977ರ ಜನವರಿಯಲ್ಲಿ "ಸ್ಪೈರಲ್ ಸ್ಕ್ರ್ಯಾಚ್" ಅನ್ನೋ ಹೆಸರಲ್ಲಿ ತಾವೇ 1,000 ಪ್ರತಿ ಹೊರತಂದರು. ಒಟ್ಟು ಸುಮಾರು 16,000 ಪ್ರತಿ ಖರ್ಚಾಯ್ತು. ಇವತ್ತು ರೂಮಲ್ಲಿ ಕೂತು ಹಾಡು ಮಾಡಿ ತಾವೇ ಅಪ್‌ಲೋಡ್ ಮಾಡೋ ಹುಡುಗರಿಗೆ ಈ ದಾರಿ ಹೊಸದಲ್ಲ ಅನ್ನಿಸಬಹುದು. ಆಗ ಅದು ಹೊಸದು.

ಹಾಗಾದ್ರೆ ಸ್ಟೇಡಿಯಂ ತುಂಬಿದ್ದು ಹೇಗೆ?

40 ಜನ ಸಾವಿರಾರು ಆಗಿದ್ದು ಬರೀ ಸುಳ್ಳಿನಿಂದಲ್ಲ. ಒಂದು ಕಾರಣ ಸರಳ: ಕಾನ್ಸರ್ಟ್ ನಡೆದದ್ದು ಎರಡು. ಜುಲೈ 20ಕ್ಕೆ ಜನ ತುಂಬಾ ಜಾಸ್ತಿ ಇದ್ರು. ಇಯಾನ್ ಕರ್ಟಿಸ್ ನೋಡಿದ್ದೂ ಎರಡನೆಯದನ್ನೇ. ವರ್ಷಗಳು ಉರುಳಿದ ಹಾಗೆ ಒಂದೇ ಹಾಲ್, ಒಂದೇ ಬ್ಯಾಂಡ್, ಎರಡೂ ರಾತ್ರಿ ಕಲಸಿಹೋದವು. ಟಿವಿ ನಿರೂಪಕ ಟೋನಿ ವಿಲ್ಸನ್, ಮುಂದೆ ಫ್ಯಾಕ್ಟರಿ ರೆಕಾರ್ಡ್ಸ್ ಕಟ್ಟಿದವರು, ತಾವು ಮೊದಲ ರಾತ್ರಿಯೇ ಇದ್ದೆ ಅಂತಿದ್ರು. ಅದನ್ನ ಒಪ್ಪದವರು ಬಹಳ ಜನ ಇದ್ದಾರೆ, ಅವರು ಬಂದಿದ್ದು ಜುಲೈನಲ್ಲಿ ಅಂತಾರೆ. 2002ರಲ್ಲಿ ಬಂದ "24 ಅವರ್ ಪಾರ್ಟಿ ಪೀಪಲ್" ಸಿನಿಮಾ ಆ ರಾತ್ರಿಯನ್ನ ಮತ್ತೆ ಚಿತ್ರಿಸಿತು, ವಿಲ್ಸನ್ ಪಾತ್ರ ಅಲ್ಲೇ ಪ್ರೇಕ್ಷಕರ ನಡುವೆ ಕೂತಿರುತ್ತೆ. ಸಿನಿಮಾ ನೋಡಿದವರ ಕಣ್ಣಲ್ಲಿ ಈಗ ಆ ರಾತ್ರಿ ಅಂದ್ರೆ ಅದೇ ದೃಶ್ಯ.

ಡೇವಿಡ್ ನೋಲನ್ ಅನ್ನೋ ಪತ್ರಕರ್ತರು ನಿಜವಾಗಿ ಯಾರಿದ್ರು ಅಂತ ಒಬ್ಬೊಬ್ಬರನ್ನೇ ಹುಡುಕಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಇಲ್ಲಿ ನನಗೆ ಮುಖ್ಯ ಅನ್ನಿಸೋ ಮಾತು ಇದು. "ನಾನೂ ಅಲ್ಲಿದ್ದೆ" ಅನ್ನೋ ಕಟ್ಟುಕಥೆ ಎರಡು ಕೆಲಸ ಮಾಡುತ್ತೆ. ಇಲ್ಲದವರನ್ನ ಒಳಗೆ ಸೇರಿಸುತ್ತೆ, ಅದು ಎಲ್ಲರಿಗೂ ಗೊತ್ತು, ನಗ್ತೀವಿ. ಆದರೆ ಇದ್ದವರನ್ನ ಹೊರಗೂ ಹಾಕುತ್ತೆ. ಆ 40 ಜನರಲ್ಲಿ ಮುಂದೆ ಹೆಸರು ಮಾಡಿದವರು ಐದಾರು ಜನ ಇರಬಹುದು. ಮಿಕ್ಕವರು? 50 ಪೆನ್ಸ್ ಕೊಟ್ಟು ಬಂದರು, ಕೇಳಿದರು, ಕೊನೇ ಬಸ್ ಹಿಡಿದು ಮನೆಗೆ ಹೋಗಿ ಸೋಮವಾರ ಕೆಲಸಕ್ಕೆ ಹೋದರು. ಯಾವ ಬ್ಯಾಂಡೂ ಕಟ್ಟಲಿಲ್ಲ. "ಬಂದವರೆಲ್ಲ ಬ್ಯಾಂಡ್ ಕಟ್ಟಿದ್ರು" ಅನ್ನೋ ಚೆಂದದ ಸಾಲಿನಲ್ಲಿ ಇವರಿಗೆ ಜಾಗವೇ ಇಲ್ಲ. "ನನಗೇನೂ ಅಷ್ಟು ಇಷ್ಟ ಆಗಲಿಲ್ಲ" ಅಂದವರಿಗಂತೂ ಮೊದಲೇ ಇಲ್ಲ. ಆದರೆ ಆ ರಾತ್ರಿ ನಿಜಕ್ಕೂ ಹೇಗಿತ್ತು ಅಂತ ತಿಳಿಯೋಕೆ ಗೆದ್ದವರ ಮಾತಿನಷ್ಟೇ ಅವರ ಮಾತೂ ಬೇಕು.

ಗೋಡೆಯ ಮೇಲಿನ ಫಲಕ

ಫ್ರೀ ಟ್ರೇಡ್ ಹಾಲ್‌ನಲ್ಲಿ ಈಗ ಕಾನ್ಸರ್ಟ್ ಇಲ್ಲ. 1996ರಲ್ಲಿ ಊರಿನ ಹ್ಯಾಲೆ ಆರ್ಕೆಸ್ಟ್ರಾ ಹೊಸ ಸಭಾಂಗಣಕ್ಕೆ ಹೋಯ್ತು. ಹಳೇ ಮುಂಗೋಡೆ ಉಳಿಸಿಕೊಂಡು ಹಿಂದೆ ಹೋಟೆಲ್ ಕಟ್ಟಿದರು, 2004ರಲ್ಲಿ ಅದು ತೆರೆಯಿತು.

ಆ ಗೋಡೆ ಮೇಲೆ ಪೀಟರ್ಲೂ ನೆನಪಿಗೆ ಒಂದು ನೀಲಿ ಫಲಕ ಇತ್ತು. ಸೈನ್ಯ ಆ ಜನರನ್ನ ಚದುರಿಸಿತು ಅಂತ ಅದರಲ್ಲಿತ್ತು. ಸತ್ತವರ ಮಾತೇ ಇರಲಿಲ್ಲ. ಊರಿನ ಜನ ಪಟ್ಟು ಹಿಡಿದು ಕೇಳಿದ ಮೇಲೆ, 2007ರಲ್ಲಿ ಅದರ ಬದಲು ಕೆಂಪು ಫಲಕ ಬಂತು. ಅದರಲ್ಲಿ 15 ಸಾವು, 600ಕ್ಕೂ ಹೆಚ್ಚು ಗಾಯ ಅಂತ ಇದೆ. ಹೀಗೆ ಮಾಡೋಕೆ ಆಗಿದ್ದು ಯಾಕೆ? 1819ರಲ್ಲೇ ಜನ ಬರೆದಿಟ್ಟಿದ್ರು, ಗಾಯಗೊಂಡವರ ಪಟ್ಟಿ ಮಾಡಿದ್ರು. ಬರೆದಿಟ್ಟಿದ್ದು ಇದ್ದುದರಿಂದ ಫಲಕವನ್ನ ತಿದ್ದೋಕಾಯ್ತು.

ನಮ್ಮ ಕಾಲದಲ್ಲಿ ಪ್ರತಿ ಕಾನ್ಸರ್ಟಲ್ಲೂ ಸಾವಿರ ಫೋನು ಮೇಲೇಳುತ್ತೆ. ಇನ್ನು ಮುಂದೆ ಈ ಥರ ಗೊಂದಲ ಇರಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ತಪ್ಪು ಊರಿನ ಹೆಸರಿಟ್ಟ ಆ ಡಿಲನ್ ಎಲ್‌ಪಿ ನೆನಪಿಸಿಕೊಳ್ಳಿ. ದಿನಾಂಕ ಇಲ್ಲದೆ, ಊರಿಲ್ಲದೆ ಫಾರ್ವರ್ಡ್ ಆಗೋ 30 ಸೆಕೆಂಡಿನ ಕ್ಲಿಪ್ಪಿಗೂ ಅದಕ್ಕೂ ಏನು ವ್ಯತ್ಯಾಸ? ಕ್ಲಿಪ್ಪಲ್ಲಿ ಹಾಡು ಇರುತ್ತೆ. ನಿಮ್ಮ ಪಕ್ಕದವಳು ಅತ್ತಿದ್ದು, ಹಿಂದಿನ ಸಾಲಿಗೆ ಏನೂ ಕೇಳಿಸದೆ ಇದ್ದಿದ್ದು, ಅರ್ಧಕ್ಕೇ ಎದ್ದು ಹೋದವರು, ಇದ್ಯಾವುದೂ ಇರಲ್ಲ.

ಅದಕ್ಕೇ ಒಂದು ಸಣ್ಣ ಕೆಲಸ. ಮುಂದಿನ ಸಲ ಯಾವುದಾದ್ರೂ ಕಾನ್ಸರ್ಟ್‌ಗೆ ಹೋದಾಗ, ಅದು ಅರಮನೆ ಮೈದಾನ ಆಗಿರಲಿ, ಕಾಲೇಜು ಫೆಸ್ಟ್ ಆಗಿರಲಿ, ಮಾರನೇ ದಿನ ಬೆಳಗ್ಗೆ ಫೋನಿನ ನೋಟ್ಸಲ್ಲಿ ಐದು ಸಾಲು ಬರೆದಿಡಿ. ದಿನಾಂಕ, ಜಾಗ, ನೀವು ಎಲ್ಲಿ ನಿಂತಿದ್ರಿ, ಎಷ್ಟು ಜನ ಇದ್ದ ಹಾಗಿತ್ತು, ಏನು ಇಷ್ಟ ಆಗಲಿಲ್ಲ. ಆ ಕೊನೇದನ್ನ ಬಿಡಬೇಡಿ. ಆ 17 ವರ್ಷದ ಹುಡುಗ ಮಾಡಿದ್ದೂ ಅಷ್ಟೇ. ಅವನ ಕಾಗದದಿಂದಾಗಿ, ಅವತ್ತು ಬಂದಿದ್ದವರು ಕೆಲವೇ ಜನ ಅನ್ನೋದು ಇವತ್ತಿಗೂ ನಮಗೆ ಗೊತ್ತು.